ಮಣ್ಣಿನ ಮಡಕೆ ಮತ್ತು ತಳ ಹಿಡಿದ ಅನ್ನ

ಅನ್ನ ತಳ ಹಿಡಿಯಿತೆಂದರೆ ನಮ್ಮ ಮನೆಗಳಲ್ಲಿ ಅಡಿಗೆ ಮಾಡಿದವರಿಗೆ ಮುಖಭಂಗ. ಪಾತ್ರೆಯನ್ನು ನೀರಿನಲ್ಲಿ ನೆನೆಹಾಕಿ, ಉಜ್ಜಿ ತೆಗೆದು, ಆ ಮಾತನ್ನು ಅಲ್ಲಿಗೆ ಬಿಡುವುದು ವಾಡಿಕೆ. ಆದರೆ ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿಯೂ ಹಾಂಗ್‌ಕಾಂಗಿನಲ್ಲಿಯೂ ಕೆಲವು ಚಿಕ್ಕ ಭೋಜನಶಾಲೆಗಳು ಈ ತಳ ಹಿಡಿದ ಅನ್ನದಿಂದಲೇ ಹೆಸರು ಗಳಿಸಿವೆ. ಅಲ್ಲಿನ ಜನ ಚಳಿಗಾಲದ ರಾತ್ರಿ ಮೇಜಿನ ಮುಂದೆ ಕುಳಿತು, ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಮಡಕೆಯಂತೆ ಬೇಯುವ ಅನ್ನಕ್ಕಾಗಿ ಸಾವಧಾನದಿಂದ ಕಾಯುತ್ತಾರೆ. ಮಡಕೆಯ ತಳದಲ್ಲಿ ಹೊಂಬಣ್ಣದ ಗರಿಗರಿಯಾದ ಪದರ ಏಳದಿದ್ದರೆ ಅವರಿಗೆ ಸಮಾಧಾನವಿಲ್ಲ. ಈ ಅನ್ನಕ್ಕೆ ಕ್ಯಾಂಟನ್ ಭಾಷೆಯಲ್ಲಿ ‘ಬೋ ಜಾಯ್ ಫಾನ್’ ಎಂದು ಹೆಸರು. ಪುಟ್ಟ ಮಡಕೆಯ ಅನ್ನವೆಂದೇ ಅದರ ಅರ್ಥ. ಇರಾನಿನವರೂ ತಳದ ಪದರವನ್ನು ‘ತಾಹ್‌ದೀಗ್’ ಎಂದು ಕರೆದು ಅತಿಥಿಗಳಿಗೆ ಆದರದಿಂದ ಬಡಿಸುತ್ತಾರೆ. ನಮ್ಮಲ್ಲಿ ಅಪರಾಧವಾದುದು ಅಲ್ಲಿ ಸತ್ಕಾರವಾಗಿದೆ.

ನಮ್ಮ ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಸಂಜೆ ಅಡ್ಡಾಡುವವರನ್ನು ಕೇಳಿದರೆ ಚೀನೀ ಅಡಿಗೆಯೆಂದರೆ ಗೋಬಿ ಮಂಚೂರಿ, ನೂಡಲ್ಸ್, ಫ್ರೈಡ್ ರೈಸ್ ಎಂದಾರು. (ಮಂಚೂರಿ ಹುಟ್ಟಿದುದು ಚೀನದಲ್ಲಲ್ಲ, ಮುಂಬಯಿಯಲ್ಲಿ, ಆ ಕಥೆ ಬೇರೆ.) ಇವೆಲ್ಲ ತೆಳುವಾದ ಕಬ್ಬಿಣದ ಬಾಣಲೆಯಲ್ಲಿ, ಭೋರೆನ್ನುವ ಉರಿಯ ಮೇಲೆ, ಕೆಲವೇ ನಿಮಿಷಗಳಲ್ಲಿ ಆಗುವ ಅಡಿಗೆಗಳು. ಮಡಕೆಯ ಅನ್ನ ಇದಕ್ಕೆ ತೀರ ವಿರುದ್ಧವಾದ ಮಾರ್ಗ. ಬಾಣಲೆಯವನಿಗೆ ಬೇಕಾದುದು ವೇಗ. ಮಡಕೆಯವನಿಗೆ ಬೇಕಾದುದು ಮಂದಗತಿ.

ಆ ಭೋಜನಶಾಲೆಗಳಲ್ಲಿ ಕೆಲಸ ನಡೆಯುವ ಕ್ರಮವನ್ನು ಗಮನಿಸೋಣ. ನೆನೆದ ಅಕ್ಕಿಯನ್ನೂ ಅಳತೆಯ ನೀರನ್ನೂ ಮಡಕೆಗೆ ಹಾಕಿ ಕುದಿಸುತ್ತಾರೆ. ನೀರು ಇಳಿದು ಅನ್ನದ ಮೇಲ್ಮೈಯಲ್ಲಿ ಸಣ್ಣ ಸಣ್ಣ ಕುಳಿಗಳು ಕಂಡೊಡನೆ ಅಣಬೆ, ಕೋಳಿಮಾಂಸ, ಒಣಗಿಸಿದ ಸಾಸೇಜು ಮೊದಲಾದುವನ್ನು ಮೇಲೆ ಹರಡಿ ಮುಚ್ಚಳವಿಡುತ್ತಾರೆ. ಅನಂತರ ಅಂಚಿನ ಸುತ್ತ ಒಂದಿಷ್ಟು ಎಣ್ಣೆ ಬಿಟ್ಟು, ಮಡಕೆಯನ್ನು ಓರೆಮಾಡಿ, ಒಂದೊಂದು ಪಕ್ಕವನ್ನೂ ಸ್ವಲ್ಪ ಹೊತ್ತು ಉರಿಗೆ ಒಡ್ಡುತ್ತ ತಿರುಗಿಸುತ್ತಾರೆ. ಕೊನೆಗೆ ಸಿಹಿ ಬೆರೆತ ಸೋಯಾ ಸಾಸ್ ಸುರಿದು ಕಲಸಿ ತಿನ್ನುವುದು.

ಈಗ ಭೌತವಿಜ್ಞಾನಕ್ಕೆ ಬರೋಣ. ನೀರು ಇರುವವರೆಗೆ ಅನ್ನದ ಉಷ್ಣತೆ ನೀರು ಕುದಿಯುವ ಬಿಂದುವನ್ನು ದಾಟಲಾರದು. ಸಮುದ್ರಮಟ್ಟದಲ್ಲಿ ಅದು 100 ಡಿಗ್ರಿ ಸೆಂಟಿಗ್ರೇಡ್. ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ವಾಯುವಿನ ಒತ್ತಡ ಕಡಮೆಯಾದುದರಿಂದ 97½ ಡಿಗ್ರಿಯ ಆಸುಪಾಸು. ಉರಿಯನ್ನು ಎಷ್ಟೇ ಹೆಚ್ಚಿಸಿದರೂ ಆ ಶಾಖವೆಲ್ಲ ನೀರನ್ನು ಆವಿಯಾಗಿಸುವುದರಲ್ಲಿ ವ್ಯಯವಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು 540 ಕ್ಯಾಲೊರಿಯಷ್ಟು ಗುಪ್ತೋಷ್ಣ ಬೇಕು. ಅಕ್ಕಿಯ ಪಿಷ್ಟ 65ರಿಂದ 75 ಡಿಗ್ರಿಯ ಸುಮಾರಿನಲ್ಲಿಯೇ ನೀರು ಕುಡಿದು ಉಬ್ಬತೊಡಗುವುದರಿಂದ ಅನ್ನ ಬೇಯುವುದಕ್ಕೆ ಇಷ್ಟು ಉಷ್ಣತೆ ಧಾರಾಳವಾಯಿತು. ಆದರೆ ಕಂಪಿಗೂ ಕಂದುಬಣ್ಣಕ್ಕೂ ಇದು ಸಾಲದು.

ತಳದಲ್ಲಿ ನೀರು ಮುಗಿದ ಗಳಿಗೆಯಲ್ಲಿ ಆ ಪದರಕ್ಕೆ ಕುದಿಬಿಂದುವಿನ ಕಡಿವಾಣ ತಪ್ಪುತ್ತದೆ. ಉಷ್ಣತೆ 140 ಡಿಗ್ರಿಯ ಸುಮಾರಿಗೆ ಏರಿದಾಗ ಅಕ್ಕಿಯಲ್ಲಿರುವ ಅಲ್ಪಸ್ವಲ್ಪ ಸಕ್ಕರೆಯೂ ಪ್ರೋಟೀನಿನ ಅಂಶಗಳೂ ತ್ವರಿತವಾಗಿ ಕೂಡಿ ಹೊಸ ಸಂಯುಕ್ತಗಳಾಗುತ್ತವೆ. 1912ರಲ್ಲಿ ಲೂಯಿ ಕಮೀಲ್ ಮಯ್ಯಾರ್ ಎಂಬ ಫ್ರೆಂಚ್ ವಿಜ್ಞಾನಿ ವಿವರಿಸಿದ ಈ ಕ್ರಿಯೆಯೇ ದೋಸೆಯ ಹೊಂಬಣ್ಣಕ್ಕೂ ಹುರಿದ ಕಾಫಿಬೀಜದ ಪರಿಮಳಕ್ಕೂ ಮುಖ್ಯ ಕಾರಣ. ಇನ್ನೂ ಏರಿದರೆ ಉಳಿಯುವುದು ಕರಿ ಮಾತ್ರ. ಹೊಂಬಣ್ಣಕ್ಕೂ ಕರಿಗೂ ನಡುವಿನ ಅಂತರ ಕಿರಿದು. ಆ ಅಂತರದಲ್ಲಿ ನಿಲ್ಲುವುದೇ ಅಡಿಗೆಯವನ ಕೌಶಲ.

ಇಲ್ಲಿ ಮಡಕೆಯ ಪಾತ್ರವೇನು? ಮಣ್ಣು ಶಾಖವನ್ನು ಎಲ್ಲೆಡೆಗೂ ಸಮನಾಗಿ ಹರಡುತ್ತದೆಂದು ಮಾರಾಟಗಾರರು ಹೇಳುವುದುಂಟು. ಇದು ಸರಿಯಲ್ಲ. ಸುಟ್ಟ ಮಣ್ಣು ಬಹು ದುರ್ಬಲ ಉಷ್ಣವಾಹಕ. ಅಲ್ಯೂಮಿನಿಯಂ ಅದಕ್ಕಿಂತ ಇನ್ನೂರು ಮಡಿಗೂ ಮಿಗಿಲಾಗಿ ಶಾಖವನ್ನು ಸಾಗಿಸಬಲ್ಲುದು. ಉರಿ ತಾಗಿದ ಕಡೆ ಕಾದು, ಪಕ್ಕ ತಣ್ಣಗಿರುವುದೇ ಮಣ್ಣಿನ ಸ್ವಭಾವ. ಕ್ಯಾಂಟನ್ನಿನ ಅಡಿಗೆಯವನು ಮಡಕೆಯನ್ನು ಓರೆಮಾಡಿ ತಿರುಗಿಸುವುದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ. ಮಣ್ಣು ಮಾಡದುದನ್ನು ಅವನ ಕೈ ಮಾಡುತ್ತದೆ.

ಮಣ್ಣು ಶಾಖವನ್ನು ‘ಹಿಡಿದಿಟ್ಟುಕೊಳ್ಳುತ್ತದೆ’ ಎಂಬ ಮಾತಿನಲ್ಲಿಯೂ ಅರ್ಧವೇ ಸತ್ಯ. ಗ್ರಾಂ ಒಂದಕ್ಕೆ ಲೆಕ್ಕ ಹಾಕಿದರೆ ಮಣ್ಣಿನ ವಿಶಿಷ್ಟೋಷ್ಣವೂ ಅಲ್ಯೂಮಿನಿಯಮಿನದೂ ಹೆಚ್ಚು ಕಡಮೆ ಒಂದೇ, ಸುಮಾರು 0.2 ಕ್ಯಾಲೊರಿ. ವ್ಯತ್ಯಾಸವಿರುವುದು ತೂಕದಲ್ಲಿ. ಒಂದೂವರೆ ಕಿಲೋಗ್ರಾಂ ತೂಗುವ ಮಡಕೆಯೊಂದು ಸರಾಸರಿ 150 ಡಿಗ್ರಿಗೆ ಕಾದಿದೆಯೆಂದು ಊಹಿಸಿಕೊಳ್ಳಿ. ಒಲೆ ಆರಿಸಿದ ಮೇಲೆ ಅದು 100 ಡಿಗ್ರಿಗೆ ಇಳಿಯುವಷ್ಟರಲ್ಲಿ 15,000 ಕ್ಯಾಲೊರಿ ಹೊರಬೀಳುತ್ತದೆ. ಅದೆಲ್ಲವೂ ಅನ್ನಕ್ಕೆ ಸೇರಿದರೆ ಸುಮಾರು 28 ಗ್ರಾಂ ನೀರನ್ನು ಆವಿಯಾಗಿಸಬಹುದು. ಮೇಜಿಗೆ ಬಂದ ಮಡಕೆ ಚುರ್ ಎಂದು ಸದ್ದುಮಾಡುತ್ತಲೇ ಇರುವುದು ಈ ಕಾರಣದಿಂದ. 300 ಗ್ರಾಂ ತೂಕದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇದರ ಐದನೆಯ ಒಂದು ಪಾಲು ಶಾಖವೂ ಕಷ್ಟ.

ಇದಕ್ಕಿಂತ ಮುಖ್ಯವಾದುದು ಕಾಲದ ಪ್ರಶ್ನೆ. ಎಂಟು ಮಿಲಿಮೀಟರ್ ದಪ್ಪದ ಮಣ್ಣನ್ನು ದಾಟಿ ಉರಿಯ ಬದಲಾವಣೆ ಒಳಗೆ ತಿಳಿಯಬೇಕಾದರೆ ಒಂದೆರಡು ನಿಮಿಷ ಬೇಕು. ತೆಳು ಅಲ್ಯೂಮಿನಿಯಮಿನಲ್ಲಿ ಅದು ಸೆಕೆಂಡಿನ ಸಣ್ಣ ಭಿನ್ನರಾಶಿ. ಲೋಹದ ಪಾತ್ರೆಯಲ್ಲಿ ನೀರು ಮುಗಿದ ಕ್ಷಣದಿಂದ ಕರಿಯಾಗುವ ಕ್ಷಣಕ್ಕೆ ಒಂದೇ ಜಿಗಿತ. ಮಡಕೆಯಲ್ಲಿ ಅದು ನಿಧಾನದ ನಡಿಗೆ. ಮೂಗಿಗೂ ಕಿವಿಗೂ ಎಚ್ಚರವಾಗಲು ಬಿಡುವು ಸಿಗುತ್ತದೆ. ಆದರೆ ಇದೇ ಕಾರಣದಿಂದ ಒಲೆಯನ್ನು ತುಸು ಮುಂಚೆಯೇ ಆರಿಸಬೇಕು, ಏಕೆಂದರೆ ಹೊರಮೈಯ ಶಾಖ ಇನ್ನೂ ಒಳಗೆ ಬರುತ್ತಿರುತ್ತದೆ.

ನಮ್ಮವರೂ ತಲೆತಲಾಂತರದಿಂದ ಮಡಕೆಯಲ್ಲಿ ಬೇಯಿಸಿದವರೇ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಸಮಾಧಿಗಳ ಕಾಲದ ಕಪ್ಪು-ಕೆಂಪು ಮಡಕೆಗಳು ದೊರೆತುವು. ಜಯಲಕ್ಷ್ಮಿಪುರಂನಿಂದ ಅನತಿದೂರದಲ್ಲಿರುವ ಕುಂಬಾರಕೊಪ್ಪಲು ತನ್ನ ಹೆಸರಿನಲ್ಲಿಯೇ ಈ ಕಸುಬನ್ನು ಹೊತ್ತಿದೆ. ಮೊದಲು ಅಲ್ಯೂಮಿನಿಯಂ, ಬಳಿಕ ಸ್ಟೇನ್‌ಲೆಸ್ ಸ್ಟೀಲು, 1959ರಿಂದೀಚೆಗೆ ದೇಶದಲ್ಲಿಯೇ ತಯಾರಾದ ಪ್ರೆಷರ್ ಕುಕ್ಕರು ಬಂದಂತೆಲ್ಲ ಮಡಕೆ ಒಲೆಯಿಂದ ಇಳಿಯಿತು. ಕುಕ್ಕರಿನೊಳಗೆ ಅನ್ನದ ಪಾತ್ರೆ ನೀರಿನಲ್ಲಿ ನಿಂತಿರುವುದರಿಂದ ತಳದ ಉಷ್ಣತೆ 120 ಡಿಗ್ರಿಯನ್ನು ಮುಟ್ಟುವುದೂ ಕಷ್ಟ; ಅನ್ನ ತಳ ಹಿಡಿಯುವ ಮಾತೇ ಇಲ್ಲ. ಇಂದಿನ ಎಷ್ಟೋ ಮಕ್ಕಳು ಆ ಪದರವನ್ನು ಕಂಡೇ ಇರಲಾರರು. ಸೌದೆ ಮತ್ತು ಸಮಯದ ಉಳಿತಾಯದ ದೃಷ್ಟಿಯಿಂದ ಕುಕ್ಕರನ್ನು ಹಳಿಯುವುದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ.

ಕುಂಬಾರನ ಜಾಣ್ಮೆಯನ್ನು ಮಾತ್ರ ಹೇಳಲೇಬೇಕು. ದುರ್ಬಲ ವಾಹಕವಾದ ಮಣ್ಣಿನಲ್ಲಿ ಹೊರಮೈ ಕಾದು ಹಿಗ್ಗಿದಾಗ ಒಳಮೈ ಹಿಗ್ಗಿರುವುದಿಲ್ಲ. ಬಿರುಕು ಬಿಡುವುದು ಈ ಎಳೆದಾಟದಿಂದ. ಆದುದರಿಂದ ಅವನು ಜೇಡಿಗೆ ಮರಳು ಬೆರೆಸುತ್ತಾನೆ. ಸುಡುವಾಗ ಮರಳಿನ ಸ್ಫಟಿಕಕಣಗಳು 573 ಡಿಗ್ರಿಯಲ್ಲಿ ತಟ್ಟನೆ ಗಾತ್ರ ಬದಲಿಸಿ ಸುತ್ತಲೂ ಅತಿಸೂಕ್ಷ್ಮವಾದ ಸೀಳುಗಳನ್ನುಂಟುಮಾಡುತ್ತವೆ. ಮುಂದೆ ದೊಡ್ಡ ಬಿರುಕೊಂದು ಹೊರಟರೆ ಈ ಸಣ್ಣ ಸೀಳುಗಳಲ್ಲಿ ಸಿಲುಕಿ ನಿಂತುಬಿಡುತ್ತದೆ. ಹಲಗೆಯಿಂದ ತಟ್ಟಿ ತಳವನ್ನು ಗುಂಡಗೆ ಮಾಡುವುದೂ ಇದೇ ಉದ್ದೇಶಕ್ಕೆ ಒದಗುತ್ತದೆ. ಮೂಲೆಯಿಲ್ಲದಲ್ಲಿ ಒತ್ತಡ ಒಂದೆಡೆ ಸೇರುವುದಿಲ್ಲ. ಚೀನೀಯರ ಮಡಕೆಗೂ ‘ಮರಳ ಮಡಕೆ’ ಎಂದೇ ಹೆಸರಿರುವುದು ಗಮನಾರ್ಹ. ಅವರು ಅದಕ್ಕೆ ಹೊರಗಿನಿಂದ ತಂತಿಯ ಕಟ್ಟನ್ನೂ ಹಾಕುವುದುಂಟು.

ಈಚೆಗೆ ಮಡಕೆಗೆ ಮತ್ತೆ ಬೇಡಿಕೆ ಬಂದಿದೆ; ಮಡಕೆಯಲ್ಲಿ ಬೇಯಿಸಿದರೆ ಪೋಷಕಾಂಶ ನೂರಕ್ಕೆ ನೂರು ಉಳಿಯುತ್ತದೆಂಬ ಪ್ರಚಾರವೂ ಜೊತೆಗೆ ಬಂದಿದೆ. ಇದನ್ನು ನಂಬಬೇಕಾಗಿಲ್ಲ. ಪೋಷಕಾಂಶದ ನಷ್ಟ ಉಷ್ಣತೆ, ಕಾಲ, ಚೆಲ್ಲಿದ ಗಂಜಿ ಇವುಗಳಿಗೆ ಸಂಬಂಧಪಟ್ಟದ್ದು. ಎಚ್ಚರ ಬೇಕಾದುದು ಬೇರೆ ಕಡೆ. ಒಳಗೆ ಗಾಜಿನಂತೆ ಹೊಳೆಯುವ ಲೇಪವಿರುವ ಅಗ್ಗದ ಮಡಕೆಗಳಲ್ಲಿ ಸೀಸ ಇರಬಹುದು; ಹುಣಿಸೆಹಣ್ಣಿನ ಸಾರು, ನಿಂಬೆಯ ಹುಳಿ ಅದನ್ನು ಕರಗಿಸಿ ಆಹಾರಕ್ಕೆ ಸೇರಿಸುತ್ತವೆ. ಸೀಸ ಮಕ್ಕಳ ಮಿದುಳಿಗೆ ವಿಷ. ಸೀಸವಿಲ್ಲವೆಂದು ಖಾತರಿಯಿಲ್ಲದ ಹೊಳಪಿನ ಮಡಕೆಯನ್ನು ಅಡಿಗೆಗೆ ಕೊಳ್ಳದಿರುವುದೇ ಲೇಸು. ಇನ್ನೊಂದು ಸಂಗತಿ 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದುದು: ಪಿಷ್ಟಪದಾರ್ಥಗಳು ಸುಮಾರು 120 ಡಿಗ್ರಿಗೆ ಮೇಲ್ಪಟ್ಟು ಒಣಗಿ ಕಂದಾಗುವಾಗ ಅಕ್ರಿಲಮೈಡ್ ಎಂಬ ಅಹಿತಕರ ವಸ್ತು ಉಂಟಾಗುತ್ತದೆ. ಬಣ್ಣ ಗಾಢವಾದಷ್ಟೂ ಅದು ಹೆಚ್ಚು. ಹೊಂಬಣ್ಣದ ಪದರವನ್ನು ಅಪರೂಪಕ್ಕೆ ಸವಿಯಲು ಅಂಜಬೇಕಿಲ್ಲ, ಕರಿಯಾದುದನ್ನು ಬಿಡಬೇಕು.

ಮನೆಯಲ್ಲಿ ಪರೀಕ್ಷಿಸಬಯಸುವವರು ಲೇಪವಿಲ್ಲದ ಹೊಸ ಮಡಕೆಯನ್ನು ನೀರಿನಲ್ಲಿ ನೆನೆಸಿ, ಮೊದಲು ಅದರಲ್ಲಿ ಗಂಜಿ ಕಾಯಿಸಿ ಪಳಗಿಸಲಿ. ಗಂಜಿಯ ಪಿಷ್ಟ ಮಣ್ಣಿನ ರಂಧ್ರಗಳನ್ನು ತುಂಬುತ್ತದೆ. ಗ್ಯಾಸಿನ ಉರಿ ಮೊದಲು ಸಣ್ಣದಾಗಿರಲಿ. ಇಳಿಸಿದ ಮಡಕೆಯನ್ನು ಒದ್ದೆ ಕಲ್ಲಿನ ಮೇಲಿಡದೆ ಮರದ ಹಲಗೆಯ ಅಥವಾ ಹುಲ್ಲಿನ ಸಿಂಬೆಯ ಮೇಲಿಡಬೇಕು. ಉಂಡ ಮೇಲೆ ತಳಕ್ಕೆ ಅಂಟಿದ ಪದರದ ಮೇಲೆ ಚೀನೀಯರು ಬಿಸಿ ಸಾರನ್ನು ಸುರಿದು, ಅದು ಮೆತ್ತಗಾದ ಮೇಲೆ ಚಮಚದಿಂದ ಎಬ್ಬಿಸಿ ತಿನ್ನುತ್ತಾರೆ. ಸಾರಿನ ಬದಲು ನಮ್ಮ ತಿಳಿಸಾರೂ ಆದೀತು. ತಣ್ಣನೆಯ ಮಜ್ಜಿಗೆಯನ್ನು ಮಾತ್ರ ಮಡಕೆ ಆರುವವರೆಗೆ ಸುರಿಯಬಾರದು.