ಕಿಡಿ ಹಾರುವ ಹೊತ್ತು

ಯಾದವಗಿರಿಯಲ್ಲಿ 1961ರಿಂದ 1996ರ ತನಕ ಐಡಿಯಲ್ ಜಾವಾ ಕಾರ್ಖಾನೆ ನಡೆದ ಊರು ಮೈಸೂರು. ‘ಪಾಯಿಂಟ್ ಸೆಟ್ಟಿಂಗ್’ ಅಂದರೇನು ಎಂದು ಇಲ್ಲಿಯ ಹಳಬರಿಗೆ ಬಿಡಿಸಿ ಹೇಳಬೇಕಿಲ್ಲ. 250 ಸಿಸಿ ಜಾವಾಗೆ ಒಂದೇ ಸಿಲಿಂಡರ್. ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಗೇಜ್ ಇಳಿಸಿ, ಪಿಸ್ಟನ್ ಮೇಲಿನ ತುದಿ ಮುಟ್ಟಲು ಎಷ್ಟು ಮಿಲಿಮೀಟರ್ ಬಾಕಿಯಿದೆ ಎಂದು ನೋಡಿ ಟೈಮಿಂಗ್ ಕೂರಿಸಬಹುದು. ರಾಮಕೃಷ್ಣನಗರದ ಯಾವುದೋ ಮನೆಯ ಪೋರ್ಟಿಕೋದಲ್ಲಿ ಅಂಬಾಸಿಡರೋ ಪ್ರೀಮಿಯರ್ ಪದ್ಮಿನಿಯೋ ಉಳಿದುಕೊಂಡಿದ್ದರೆ ಅದಕ್ಕೆ ಇಷ್ಟು ಸಾಲದು. ಸಿಲಿಂಡರ್ ನಾಲ್ಕು, ಕಾಯಿಲ್ ಒಂದೇ. 1-3-4-2ರ ಸರದಿಯಲ್ಲಿ ಕಿಡಿ ಹಂಚಲು ಡಿಸ್ಟ್ರಿಬ್ಯೂಟರ್ ಬೇಕು.

ಹಂಚುವುದು ಸುಲಭದ ಕೆಲಸ. ಕಷ್ಟವಿರುವುದು ಹೊತ್ತು ಗೊತ್ತುಮಾಡುವುದರಲ್ಲಿ. ಪೆಟ್ರೋಲು-ಗಾಳಿಯ ಮಿಶ್ರಣ ಪಟಾಕಿಯ ಹಾಗೆ ಒಮ್ಮೆಲೇ ಸಿಡಿಯುವುದಿಲ್ಲ. ಪ್ಲಗ್ಗಿನ ಬಳಿ ಹೊತ್ತಿ, ಆಚೆ ಗೋಡೆಯವರೆಗೆ ಹಬ್ಬಬೇಕು. ಪಿಸ್ಟನ್ ತುದಿ ಮುಟ್ಟಿ ಕೆಳಗಿಳಿಯತೊಡಗಿದಾಗ ಒತ್ತಡ ಪೂರ್ತಿ ಏರಿರಬೇಕಾದರೆ ಕಿಡಿ ಮುಂಚೆಯೇ ಹಾರಬೇಕು. ಹಬ್ಬಲು 2 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 600 ಸುತ್ತಿನಲ್ಲಿ ಅಷ್ಟರಲ್ಲಿ ಕ್ರ್ಯಾಂಕ್ ತಿರುಗುವುದು 7 ಡಿಗ್ರಿ ಚಿಲ್ಲರೆ. 3000 ಸುತ್ತಿನಲ್ಲಿ 36 ಡಿಗ್ರಿ. ವೇಗ ಹೆಚ್ಚಿದಾಗ ಒಳಗಿನ ಗಾಳಿ ಕದಡಿ ಬೆಂಕಿಯೂ ಚುರುಕಾಗುವುದರಿಂದ ನಿಜವಾದ ಅಂತರ ಇಷ್ಟಿರುವುದಿಲ್ಲ. ಆದರೂ ಒಂದೇ ಅಂಕಿ ಎಲ್ಲ ವೇಗಕ್ಕೂ ಹೊಂದುವುದಿಲ್ಲವೆಂಬುದು ಖಚಿತ. ಅದಕ್ಕಾಗಿ ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಸ್ಪ್ರಿಂಗ್ ಕಟ್ಟಿದ ಎರಡು ಪುಟ್ಟ ತೂಕಗಳಿವೆ. ವೇಗ ಏರಿದಂತೆ ಅವು ಹೊರಕ್ಕೆ ಸರಿದು, ಪಾಯಿಂಟ್ ತೆರೆಯುವ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಕಂಪ್ಯೂಟರ್ ಇಲ್ಲದ ಕಾಲದ ಈ ಲೆಕ್ಕಾಚಾರ ನನಗಂತೂ ಇವತ್ತಿಗೂ ಸೋಜಿಗ.

ಮೆಕ್ಯಾನಿಕ್ ಕೂರಿಸುವುದು ಆರಂಭದ ಹೊತ್ತನ್ನು ಮಾತ್ರ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪುಲ್ಲಿಯ ಗುರುತು ಒಂದು ಆವರ್ತಕ್ಕೆ ಎರಡು ಸಲ ನೇರಕ್ಕೆ ಬರುತ್ತದೆ, ಕಿಡಿ ಬೇಕಾದದ್ದು ಒಂದಕ್ಕೆ. ಆದ್ದರಿಂದ ಅವನು ಮೊದಲನೇ ಸಿಲಿಂಡರಿನ ಪ್ಲಗ್ ತೆಗೆದು ತೂತಿಗೆ ಹೆಬ್ಬೆರಳು ಒತ್ತಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸುತ್ತಾನೆ. ಗಾಳಿ ಬೆರಳನ್ನು ನೂಕಿದರೆ ಅದೇ ಕಂಪ್ರೆಷನ್. ಗುರುತು ಕೂಡಿಸಿ, ಕಿಡಿ ಹಂಚುವ ರೋಟರ್ ಮೊದಲನೇ ವೈರಿನತ್ತ ಮುಖ ಮಾಡಿದೆಯೇ ನೋಡಿ, ಪಾಯಿಂಟಿಗೆ ಹೋಗುವ ಕಾಯಿಲ್ ವೈರಿಗೂ ಬಾಡಿಗೂ ನಡುವೆ ಬಲ್ಬ್ ಕಟ್ಟುತ್ತಾನೆ. ಇಗ್ನಿಷನ್ ಆನ್ ಮಾಡಿ, ಕ್ಲಾಂಪ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸಿದಾಗ ಬಲ್ಬ್ ಹೊತ್ತಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ, ಕಿಡಿಯ ಕ್ಷಣ.

ಇದಕ್ಕೆ ಮೊದಲು ಪಾಯಿಂಟಿನ ಗ್ಯಾಪ್ ಸರಿಯಿರಬೇಕು, ಸುಮಾರು 0.4 ಮಿಲಿಮೀಟರ್. ಕ್ಯಾಮಿಗೆ ಉಜ್ಜಿ ಪಾಯಿಂಟಿನ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ, ಪಾಯಿಂಟ್ ತಡವಾಗಿ ತೆರೆಯುತ್ತದೆ. ಯಾರೂ ಕೈಯಿಡದಿದ್ದರೂ ಟೈಮಿಂಗ್ ಹಿಂದೆ ಬೀಳುವುದು ಹೀಗೆ. ಗಾಡಿ ಮಂಕಾಗುತ್ತದೆ, ಎಂಜಿನ್ ಕಾಯುತ್ತದೆ, ಬೈಗುಳ ಮಾತ್ರ ಪೆಟ್ರೋಲಿಗೆ. ಗ್ಯಾಪ್ ಬಿಟ್ಟು ಡಿಸ್ಟ್ರಿಬ್ಯೂಟರನ್ನೇ ತಿರುಗಿಸಿ ಸರಿಮಾಡುವವರೂ ಇದ್ದಾರೆ. ಅದು ಕೆಲವೇ ದಿನದ ಮಾತು.

ಕೊನೆಯ ಪರೀಕ್ಷೆಗೆ ಚಾಮುಂಡಿ ಬೆಟ್ಟದ ಏರು ಸಾಕು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಟಿಣಿಟಿಣಿ ಸದ್ದು ಬಂದರೆ ಕಿಡಿ ಅತಿ ಮುಂಚೆ ಹಾರುತ್ತಿದೆ ಎಂದು ಅನುಮಾನಿಸಬೇಕು. ಬೆಂಕಿ ತಲುಪುವ ಮೊದಲೇ ಮೂಲೆಯ ಮಿಶ್ರಣ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳುವ ಸದ್ದದು. ಹಾಗೇ ಓಡಿಸಿದರೆ ಪಿಸ್ಟನ್ನಿನ ತಲೆಯೇ ತೂತಾದೀತು. ಗಾಡಿ ನಿಲ್ಲಿಸಿ, ರೋಟರ್ ತಿರುಗುವ ದಿಕ್ಕಿಗೇ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಸರಿಸಿ ಕ್ಲಾಂಪ್ ಬಿಗಿದು, ಅದೇ ಏರಿನಲ್ಲಿ ಇನ್ನೊಮ್ಮೆ ಓಡಿಸಿ ಕೇಳಬೇಕು.