ಹಿಪ್ಪರಗಿಯ ಬಿಸಿಲಿನಲ್ಲಿ ಹಿತ್ತಲ ಮೊಲ ಸಾಕಣೆ

ಕೃಷ್ಣೆಯ ದಂಡೆಯ ಹಿಪ್ಪರಗಿ ಸುತ್ತಿನ ನೀರಾವರಿ ಊರುಗಳಲ್ಲಿ ಮೊಲ ಸಾಕಲು ಹಸಿರು ಮೇವಿನ ಚಿಂತೆ ಅಷ್ಟಾಗಿ ಇಲ್ಲ. ಬದುವಿನ ಹುಲ್ಲು, ಕುದುರೆ ಮೆಂತೆ, ಅಲಸಂದಿ ಬಳ್ಳಿ, ನುಗ್ಗೆ ಸೊಪ್ಪು ಎಲ್ಲವೂ ಆಗುತ್ತವೆ. ಚಿಂತೆ ಇರುವುದು ಬಿಸಿಲಿನದು. ಮೊಲ ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ಒಳಗಿನ ಕಾವು ಹೆಚ್ಚಾಗಿ ಕಿವಿಯಿಂದ, ಉಸಿರಿನಿಂದಲೇ ಹೊರಬೀಳಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಬರಿ ತಗಡಿನ ಕೆಳಗೆ ಇಟ್ಟ ಮೊಲ ಒಂದೇ ಮಧ್ಯಾಹ್ನದಲ್ಲಿ ಸಾಯಬಹುದು. ಆದುದರಿಂದ ಮೊಲ ತರುವ ಮೊದಲು ನೆರಳು ಸಿದ್ಧವಾಗಲಿ.

ಬೇವಿನ ಮರದ ಕೆಳಗೆ, ಗಾಳಿಯಾಡುವ ಕಡೆ ಗೂಡು ಇಡಿರಿ. ತಗಡಿನ ಮಾಡಾದರೆ ಮೇಲೆ ಕಬ್ಬಿನ ರವದಿಯನ್ನು ದಪ್ಪಗೆ ಹೊದಿಸಿರಿ. ದೊಡ್ಡ ಮೊಲ ಒಂದಕ್ಕೆ ಎರಡೂವರೆ ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗೂಡು ಸಾಕು. ತಳಕ್ಕೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿ, ನೆಲದಿಂದ ಎರಡು-ಮೂರು ಅಡಿ ಮೇಲಿರಿಸಿರಿ. ಹಿಕ್ಕೆ, ಮೂತ್ರ ಕೆಳಗೆ ಬಿದ್ದು ಗೂಡು ಒಣಗಿರುತ್ತದೆ. ಹಿಕ್ಕೆ ಕಾಯಿಪಲ್ಲೆ ಮಡಿಗೆ ಒಳ್ಳೆಯ ಗೊಬ್ಬರ. ನಾಯಿ, ಬೆಕ್ಕು, ಮುಂಗುಸಿಗಳ ಕಣ್ಣು ಇದರ ಮೇಲೆ ಇದ್ದೇ ಇರುತ್ತದೆ. ಬಾಗಿಲ ಚಿಲಕ ಗಟ್ಟಿಯಾಗಿರಲಿ.

ಯಾವ ಮೊಲ ತರಬೇಕು?

ಕಬ್ಬು ಕಡಿಯುವಾಗ ಸಿಕ್ಕ ಹೊಲದ ಮೊಲವನ್ನು ಹಿಡಿದು ತರಬೇಡಿರಿ. ಅದು ಬೇರೆ ಜಾತಿಯ ಕಾಡುಪ್ರಾಣಿ. ಅದನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದರ ಮರಿ ಕಣ್ಣು ತೆರೆದು, ಕೂದಲು ಹೊತ್ತೇ ಹುಟ್ಟುತ್ತದೆ. ಸಾಕು ಮೊಲದ ಮರಿ ಬತ್ತಲೆ, ಕುರುಡು. ಉಣ್ಣೆಯ ಅಂಗೋರಾ ಕುಲ್ಲು ಕಣಿವೆಯಂಥ ತಂಪು ನಾಡಿಗೆ ಸರಿ, ನಮಗಲ್ಲ. ಮಾಂಸಕ್ಕೆ ವೈಟ್ ಜೈಂಟ್, ಸೋವಿಯತ್ ಚಿಂಚಿಲಾ, ನ್ಯೂಜಿಲೆಂಡ್ ವೈಟ್ ತಳಿಗಳಿವೆ. ಬಯಲು ಸೀಮೆಯಲ್ಲಿ ಒಂದು ಬೇಸಿಗೆ ಕಳೆದ ಹಿಂಡಿನಿಂದ ಆರಿಸಿದರೆ ಮೇಲು.

ಒಂದು ಗಂಡು, ಮೂರು ಹೆಣ್ಣು: ಇಷ್ಟರಿಂದ ಆರಂಭಿಸಿರಿ. ಗಂಡು ಬೇರೆ ಹಿಂಡಿನದಿರಲಿ. ಮಳೆಗಾಲದಲ್ಲಿ ಮೂರು ತಿಂಗಳ ಮರಿ ತಂದರೆ ದೀಪಾವಳಿ ಹೊತ್ತಿಗೆ ಅವು ಆರು ತಿಂಗಳಿನವಾಗಿ ಕೂಡಿಸಲು ತಯಾರಾಗುತ್ತವೆ. ಹತ್ತಾರು ಮೊಲಗಳ ಘಟಕ ಕೊಳ್ಳಿರಿ, ಮರಿಗಳನ್ನು ನಾವೇ ಮರಳಿ ಕೊಳ್ಳುತ್ತೇವೆ ಎನ್ನುವವರ ಮಾತಿಗೆ ಸಾಲ ಮಾಡಬೇಡಿರಿ. ಜಮಖಂಡಿ, ಬನಹಟ್ಟಿಗಳಲ್ಲಿ ಕೊಳ್ಳುವವರು ಯಾರು, ಏನು ದರ ಎಂದು ನೀವೇ ವಿಚಾರಿಸಿ, ಆಮೇಲೆ ಹಣ ಹಾಕಿರಿ.

ಮರಿ ಮಾಡಿಸುವುದು

ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕು; ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ ಕಾದಾಟವಾಗುತ್ತದೆ. ಕಿವಿ ಹಿಡಿದು ಎತ್ತಬಾರದು. ಹೆಗಲ ಮೇಲಿನ ಸಡಿಲ ಚರ್ಮ ಹಿಡಿದು, ಇನ್ನೊಂದು ಕೈಯನ್ನು ಹಿಂಭಾಗಕ್ಕೆ ಆಸರೆ ಕೊಡಿರಿ. ಗಬ್ಬದ ಅವಧಿ ಸುಮಾರು 31 ದಿನ. 27ನೆಯ ದಿನ ಒಣಹುಲ್ಲು ಹಾಸಿದ ಮರದ ಪೆಟ್ಟಿಗೆಯನ್ನು ಗೂಡಿನೊಳಗಿಡಿರಿ. ತಾಯಿ ತನ್ನ ಹೊಟ್ಟೆಯ ಕೂದಲು ಕಿತ್ತು ಮೆತ್ತೆ ಮಾಡಿಕೊಳ್ಳುತ್ತದೆ.

ಹೊಸಬರು ಇಲ್ಲಿ ಗಾಬರಿಯಾಗುವುದುಂಟು. ತಾಯಿ ಮರಿಗಳ ಬಳಿ ಕೂರುವುದೇ ಇಲ್ಲ, ಬಿಟ್ಟುಬಿಟ್ಟಿದೆ ಎಂದು ತಿಳಿದು ಮತ್ತೆ ಮತ್ತೆ ಪೆಟ್ಟಿಗೆ ಕೆದಕುತ್ತಾರೆ. ಮೊಲ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಕೆಲವೇ ನಿಮಿಷ ಹಾಲೂಡಿಸುತ್ತದೆ. ಬೆಳಿಗ್ಗೆ ಒಮ್ಮೆ ನೋಡಿ: ಮರಿಗಳ ಹೊಟ್ಟೆ ದುಂಡಗಿದ್ದರೆ ಹಾಲು ಸಿಕ್ಕಿದೆ. ಸತ್ತ ಮರಿ ಇದ್ದರೆ ತೆಗೆಯಿರಿ, ಅಷ್ಟೇ. ಹತ್ತು-ಹನ್ನೆರಡು ದಿನಕ್ಕೆ ಕಣ್ಣು ಬಿಡುತ್ತವೆ. ಐದಾರು ವಾರಕ್ಕೆ ತಾಯಿಯಿಂದ ಬೇರ್ಪಡಿಸಬಹುದು.

ಮೇವನ್ನು ಕೊಯ್ದು ನೆರಳಲ್ಲಿ ಬಾಡಿಸಿ ಕೊಡಿರಿ. ಔಷಧಿ ಹೊಡೆದ ಹೊಲದ ಹುಲ್ಲು, ಬೂಷ್ಟು ಹಿಡಿದ ಶೇಂಗಾ ಹಿಂಡಿ ಬೇಡವೇ ಬೇಡ. ಗೋವಿನ ಜೋಳದ ನುಚ್ಚು, ಗೋಧಿ ಬೂಸಾ, ಹಿಂಡಿ ಬೆರೆಸಿ ದೊಡ್ಡ ಮೊಲಕ್ಕೆ ದಿನಕ್ಕೆ ಸುಮಾರು 100 ಗ್ರಾಂ, ಹಾಲೂಡಿಸುವ ತಾಯಿಗೆ ಹೆಚ್ಚು. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದು ರೋಗವಲ್ಲ, ಅದರ ಪಚನದ ರೀತಿ. ಕಿವಿಯಲ್ಲಿ ಹಕ್ಕಳೆ ಕಟ್ಟಿದರೆ ಕಜ್ಜಿ ಎಂದು ತಿಳಿದು ಪಶುವೈದ್ಯರಿಗೆ ತೋರಿಸಿರಿ. ದನಕ್ಕೆಂದು ತಂದಿಟ್ಟ ಔಷಧಿ ಕುಡಿಸಬೇಡಿರಿ. ಪೆನಿಸಿಲಿನ್ ಬಗೆಯವು ಬಾಯಿಯಿಂದ ಕೊಟ್ಟರೆ ಮೊಲವನ್ನು ಕೊಲ್ಲಬಲ್ಲವು.

ಬೇಸಿಗೆಯ ಲೆಕ್ಕ

ನವೆಂಬರ್ ಮೊದಲ ವಾರ ಕೂಡಿಸಿದರೆ ಡಿಸೆಂಬರ್ ಮೊದಲಲ್ಲಿ ಮರಿ. ಜನವರಿ ನಡುವೆ ಮತ್ತೆ ಕೂಡಿಸಿದರೆ ಫೆಬ್ರುವರಿ ನಡುವೆ ಎರಡನೆಯ ಸೂಲು, ಮಾರ್ಚ್ ಕೊನೆಗೆ ಮರಿ ಬೇರೆ. ಅಲ್ಲಿಗೆ ನಿಲ್ಲಿಸಿರಿ. ಕಡುಬೇಸಿಗೆಯಲ್ಲಿ ಗಬ್ಬದ ಮೊಲವನ್ನು ಉಳಿಸುವುದೇ ಕಷ್ಟ. ಆ ದಿನಗಳಲ್ಲಿ ಮಣ್ಣಿನ ಕುಡಿಕೆಯಲ್ಲಿ ಸದಾ ತಣ್ಣೀರು, ಗೂಡಿನ ಸುತ್ತ ಒದ್ದೆ ಗೋಣಿತಟ್ಟು ಇರಲಿ. ಮೊಲ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕೂಡಲೇ ತಂಪಿಗೆ ಒಯ್ದು ಒದ್ದೆ ಬಟ್ಟೆಯಿಂದ ಕಿವಿ ಒರೆಸಿರಿ.

ಮಿರಗದ ಮಳೆ ಬಿದ್ದು ಹವೆ ತಣ್ಣಗಾದ ಮೇಲೂ ಹೆಣ್ಣು ಗಬ್ಬ ಕಟ್ಟದಿದ್ದರೆ ಅದನ್ನು ಬಂಜೆ ಎಂದು ಮಾರಿಬಿಡಬೇಡಿರಿ. ಬಿಸಿಲಿನ ಝಳಕ್ಕೆ ಗಂಡಿನ ವೀರ್ಯ ಕೆಟ್ಟಿರುತ್ತದೆ; ಸುಧಾರಿಸಲು ಎರಡು ತಿಂಗಳಾದರೂ ಹಿಡಿಯಬಹುದು. ಆಗಸ್ಟ್‌ವರೆಗೆ ತಾಳಿ, ಮತ್ತೆ ಕೂಡಿಸಿ ನೋಡಿರಿ.