ತಿಳಿನೀರಿನಲ್ಲಿ ಅಡಗಿರುವ ವಿಷ

ನೀರು ತಿಳಿಯಾಗಿದೆ, ವಾಸನೆಯಿಲ್ಲ, ರುಚಿಯೂ ಕೆಟ್ಟಿಲ್ಲ ಎಂದಮಾತ್ರಕ್ಕೆ ಅದು ಕುಡಿಯಲು ಯೋಗ್ಯವೆಂದು ಹೇಳಲಾಗದು. ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶದ ಹಳ್ಳಿಗಳೇ ಇದಕ್ಕೆ ಸಾಕ್ಷಿ. ಕೆರೆಕುಂಟೆಗಳ ನೀರಿನಿಂದ ಕಾಲರಾ, ವಾಂತಿಭೇದಿ ಹರಡುತ್ತಿದ್ದುದರಿಂದ 1970ರ ದಶಕದಲ್ಲಿ ಬಾಂಗ್ಲಾದೇಶದಲ್ಲಿ ಕೊಳವೆಬಾವಿಗಳನ್ನು ಹೆಚ್ಚು ಹೆಚ್ಚಾಗಿ ಕೊರೆಯಲಾಯಿತು. 1980ರ ದಶಕದ ಆರಂಭದಲ್ಲಿ ಕೊಲ್ಕತ್ತದ ಚರ್ಮರೋಗ ತಜ್ಞ ಡಾ. ಕೆ.ಸಿ. ಸಾಹಾ ಅವರು, ಪಶ್ಚಿಮ ಬಂಗಾಳದ ಹಳ್ಳಿಗರ ಮೈಮೇಲಿನ ಕಲೆಗಳಿಗೆ ಕೊಳವೆಬಾವಿ ನೀರಿನಲ್ಲಿದ್ದ ಆರ್ಸೆನಿಕ್ ಎಂಬ ವಿಷವೇ ಕಾರಣವೆಂದು ಗುರುತಿಸಿದರು.

ವಿಷ ಬಂದದ್ದೆಲ್ಲಿಂದ?

ಯಾವ ಕಾರ್ಖಾನೆಯಿಂದಲೂ ಅಲ್ಲ. ಹಿಮಾಲಯದಿಂದ ನದಿಗಳು ಹೊತ್ತು ತಂದ ಮೆಕ್ಕಲು ಮಣ್ಣಿನ ಕಣಗಳ ಮೇಲೆ ಕಬ್ಬಿಣದ ತುಕ್ಕಿನಂಥ ಲೇಪವಿರುತ್ತದೆ. ಆರ್ಸೆನಿಕ್ ಈ ಲೇಪಕ್ಕೆ ಅಂಟಿಕೊಂಡಿರುತ್ತದೆ. ಹಾಗೆ ಅಂಟಿಕೊಂಡಿರುವವರೆಗೆ ಅಪಾಯವಿಲ್ಲ. ಆದರೆ ಅದೇ ಮಣ್ಣಿನಲ್ಲಿ ಕೊಳೆತ ಎಲೆ, ಬೇರುಗಳ ಸಾವಯವ ಅಂಶವೂ ಹೂತಿರುತ್ತದೆ. ಇದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಅಂತರ್ಜಲದಲ್ಲಿರುವ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಆಮೇಲೆ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಕಬ್ಬಿಣದ ಲೇಪವನ್ನೇ ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ಆಗ ಲೇಪ ಕರಗಿ, ಕಬ್ಬಿಣದೊಂದಿಗೆ ಆರ್ಸೆನಿಕ್ ಕೂಡ ನೀರಿಗೆ ಸೇರುತ್ತದೆ.

ಲಕ್ಷಣಗಳು

ಇಂಥ ನೀರನ್ನು ಹಲವು ವರ್ಷ ಕುಡಿದವರ ಎದೆ, ಬೆನ್ನುಗಳ ಮೇಲೆ ಕಪ್ಪು, ಬಿಳಿ ಚುಕ್ಕೆಗಳು ಮೂಡುತ್ತವೆ. ಅಂಗೈ, ಅಂಗಾಲುಗಳ ಚರ್ಮ ದಪ್ಪವಾಗಿ ಗಂಟುಗಳಾಗುತ್ತವೆ. ಮುಂದೆ ಚರ್ಮ, ಶ್ವಾಸಕೋಶ ಅಥವಾ ಮೂತ್ರಕೋಶದ ಕ್ಯಾನ್ಸರ್ ಬರುವ ಸಂಭವವಿದೆ. ಇದು ಅಂಟುರೋಗವಲ್ಲ, ರೋಗಿಯನ್ನು ದೂರವಿಡುವುದು ಶುದ್ಧ ಅಜ್ಞಾನ.

ನಮ್ಮ ರಾಜ್ಯದಲ್ಲೂ ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಅದಿರಿನ ಪ್ರದೇಶದ ಕೆಲವು ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಪತ್ತೆಯಾಗಿದೆ. ಇಲ್ಲಿ ಅದರ ಮೂಲ ಮೆಕ್ಕಲು ಮಣ್ಣಲ್ಲ, ಬಂಡೆಯಲ್ಲಿರುವ ಖನಿಜ.

ಏನು ಮಾಡಬೇಕು?

ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಕ್ಲೋರಿನ್ ಮಾತ್ರೆಯೊಂದರಿಂದಲೇ ಇದು ನಿವಾರಣೆಯಾಗದು. ಪ್ರಯೋಗಾಲಯದ ಪರೀಕ್ಷೆಯೇ ಸರಿಯಾದ ಮಾರ್ಗ. ಒಂದು ಲೀಟರ್ ನೀರಿನಲ್ಲಿ ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ಅಕ್ಕಪಕ್ಕದ ಬಾವಿಗಳಲ್ಲೇ ಪ್ರಮಾಣ ಬೇರೆ ಬೇರೆ ಇರುವುದರಿಂದ ಪ್ರತಿ ಬಾವಿಯ ನೀರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಮಿತಿ ಮೀರಿದ್ದರೆ ಆ ನೀರನ್ನು ಕುಡಿಯಲಿಕ್ಕೂ ಅಡುಗೆಗೂ ಬಳಸದಿರಿ; ಸ್ನಾನಕ್ಕೆ, ಬಟ್ಟೆ ಒಗೆಯಲು ಬಳಸಬಹುದು. ಈ ಕಾಯಿಲೆಗೆ ನೀರು ಬದಲಿಸುವುದೇ ಮೊದಲ ಚಿಕಿತ್ಸೆ. ಮೈಮೇಲೆ ಚುಕ್ಕೆಗಳು ಕಂಡಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ.